ನೆಟ್‌ವರ್ಕ್ ಮೂಲಕ ವಿಂಡೋಸ್ ಹಾಕುವಾಗ ಅರ್ಧಕ್ಕೆ ನಿಂತರೆ: ಆಫೀಸ್ ಕಂಪ್ಯೂಟರ್ ನೋಡಿಕೊಳ್ಳುವವರಿಗೆ ಸಮಗ್ರ ಮಾರ್ಗದರ್ಶಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಅಲ್ಲಿಂದ ದಾವಣಗೆರೆಯ ಸಹಕಾರಿ ಬ್ಯಾಂಕು, ಕಾಲೇಜು, ಆಸ್ಪತ್ರೆ, ಮಂಡಿಪೇಟೆಯ ದೊಡ್ಡ ಅಂಗಡಿಗಳಲ್ಲಿ ಒಂದೇ ಸಲಕ್ಕೆ ಹತ್ತು, ಇಪ್ಪತ್ತು ಯಂತ್ರಗಳಿಗೆ ವಿಂಡೋಸ್ 11 ಹಾಕುವ ಕೆಲಸ ಬರುತ್ತಿದೆ. ಈ ಕೆಲಸ ಮಾಡುವವರಿಂದ ಮತ್ತೆ ಮತ್ತೆ ಕೇಳುವ ಮಾತು ಒಂದೇ: «ಅರ್ಧಕ್ಕೆ ನಿಂತುಬಿಡ್ತು ಸಾರ್, ಆಫ್ ಮಾಡಿ ಮತ್ತೆ ಶುರು ಮಾಡಿದ್ರೂ ಅಲ್ಲೇ ನಿಲ್ತದೆ.»

ತೊಂದರೆ ಆ «ಆಫ್ ಮಾಡಿ» ಅನ್ನುವುದರಲ್ಲೇ ಇದೆ. ಇನ್‌ಸ್ಟಾಲ್‌ನ ಮೊದಲ ಭಾಗ ನಡೆಯುವುದು ವಿಂಡೋಸ್ ಪಿಇ ಎಂಬ ಚಿಕ್ಕ ವಿಂಡೋಸ್‌ನಲ್ಲಿ. ಅದು ಪೂರ್ತಿ ರ‍್ಯಾಮ್‌ನಲ್ಲಿ ಕೂತಿರುತ್ತದೆ, ಅದರ ಡ್ರೈವ್ ಹೆಸರು ಎಕ್ಸ್. ಏಕೆ ನಿಂತಿತು ಎಂದು ಬರೆದಿಟ್ಟ ಲಾಗ್ ಕೂಡ ಅಲ್ಲೇ. ಪವರ್ ಬಟನ್ ಒತ್ತಿದ ಕ್ಷಣ ಎಲ್ಲ ಹೋಯಿತು. ಮುಂದಿನ ಸಲ ಮತ್ತೆ ಕತ್ತಲೆಯಲ್ಲೇ ಹುಡುಕಬೇಕು. ಹಾಗಾಗಿ ಇಲ್ಲಿ ಹೇಳುವ ಕ್ರಮವನ್ನು ದಯವಿಟ್ಟು ಬದಲಿಸಬೇಡಿ: ಮೊದಲು ನೋಡುವುದು, ಆಮೇಲೆ ಲಾಗ್ ಉಳಿಸುವುದು, ಕೊನೆಗೆ ಕೈ ಹಾಕುವುದು.

ಎಂಡಿಟಿ (ವಿಂಡೋಸ್ ಹಾಕುವ ಕೆಲಸವನ್ನು ಹಂತ ಹಂತವಾಗಿ ನಡೆಸುವ ಮೈಕ್ರೋಸಾಫ್ಟ್ ಸಾಧನ) ಮತ್ತು ಡಬ್ಲ್ಯುಡಿಎಸ್ (ಯಂತ್ರಗಳನ್ನು ನೆಟ್‌ವರ್ಕ್ ಮೂಲಕ ಬೂಟ್ ಮಾಡಿಸುವ ಸರ್ವರ್ ಸೇವೆ) ಜೋಡಿ ಬಳಸುವವರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಎಸ್‌ಸಿಸಿಎಂ (ದೊಡ್ಡ ಸಂಸ್ಥೆಗಳ ಯಂತ್ರಗಳನ್ನು ನಿರ್ವಹಿಸುವ ಮೈಕ್ರೋಸಾಫ್ಟ್ ಸಾಧನ) ಇರುವ ಕಡೆ ಲಾಗ್ ಇರುವ ಜಾಗ ಬೇರೆ. ಉಳಿದ ಹುಡುಕಾಟ ಬಹುಪಾಲು ಇದೇ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ್ದು

ಖಾಲಿ ಪೆನ್‌ಡ್ರೈವ್ ಒಂದು. ಚೆನ್ನಾಗಿದೆ ಎಂದು ಗೊತ್ತಿರುವ ನೆಟ್‌ವರ್ಕ್ ಕೇಬಲ್ ಒಂದು, ಸಣ್ಣ ಗಿಗಾಬಿಟ್ ಸ್ವಿಚ್ ಒಂದು. ಆಫೀಸಿನಲ್ಲಿರುವ ಪ್ರತಿ ಮಾಡೆಲ್‌ಗೂ ನೆಟ್‌ವರ್ಕ್ ಮತ್ತು ಸ್ಟೋರೇಜ್ ಡ್ರೈವರ್, ಬಿಚ್ಚಿದ ರೂಪದಲ್ಲಿ. ಅಂದರೆ ಒಳಗೆ ಐಎನ್‌ಎಫ್ ಫೈಲ್ ಕಾಣಬೇಕು. ಬರೀ ಸೆಟಪ್ ಫೈಲ್ ಇದ್ದರೆ ವಿಂಡೋಸ್ ಪಿಇಗೆ ಅದು ಉಪಯೋಗಕ್ಕಿಲ್ಲ. ಲಾಗ್ ಓದಲು ಸಿಎಂಟ್ರೇಸ್ ಇಟ್ಟುಕೊಳ್ಳಿ, ತಪ್ಪಿನ ಸಾಲನ್ನು ಅದು ಕೆಂಪಗೆ ತೋರಿಸುತ್ತದೆ.

ಯುಪಿಎಸ್ ಬಗ್ಗೆಯೂ ಒಂದು ಮಾತು. ಬಹಳ ಕಡೆ ಸರ್ವರ್‌ಗೆ ಯುಪಿಎಸ್ ಇರುತ್ತದೆ, ಸ್ವಿಚ್‌ಗೆ ಇರುವುದಿಲ್ಲ. ಕರೆಂಟು ಎರಡು ಸೆಕೆಂಡು ಹೋಗಿ ಬಂದರೂ ಸ್ವಿಚ್ ಮತ್ತೆ ಶುರುವಾಗುತ್ತದೆ, ನಡೆಯುತ್ತಿದ್ದ ಎಲ್ಲ ಯಂತ್ರಗಳ ಕಾಪಿ ಕಡಿದುಹೋಗುತ್ತದೆ. ಏಪ್ರಿಲ್, ಮೇ ತಿಂಗಳ ಸಂಜೆ ಗಾಳಿ ಮಳೆ ಬಂದರೆ ನಮ್ಮ ಕಡೆ ಕರೆಂಟಿನ ಕಥೆ ಗೊತ್ತೇ ಇದೆ. ಆ ದಿನಗಳಲ್ಲಿ ಈ ಕೆಲಸ ಬೆಳಿಗ್ಗೆಯೇ ಮುಗಿಸುವುದು ಒಳ್ಳೆಯದು.

## ಹಂತ 1: ನಿಜವಾಗಿ ನಿಂತಿದೆಯಾ, ನಿಧಾನವಾಗಿದೆಯಾ?

ಪರದೆಯಲ್ಲಿ ಸಂಖ್ಯೆ ಬದಲಾಗದಿದ್ದರೆ ನಿಂತಿದೆ ಎಂದು ಅರ್ಥವಲ್ಲ. ಕೇಬಲ್ ಸಿಕ್ಕಿಸಿದ ಜಾಗದ ದೀಪ ನೋಡಿ. ಅದು ಬಿಡದೆ ಮಿನುಗುತ್ತಿದ್ದರೆ, ಡಿಸ್ಕ್ ದೀಪವೂ ಆಡುತ್ತಿದ್ದರೆ ಕೆಲಸ ನಡೆಯುತ್ತಿದೆ.

ಲೆಕ್ಕ ಹಾಕಿ ನೋಡಿ. 100 ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12 ಮೆಗಾಬೈಟ್ ಹೋಗುತ್ತದೆ. 6 ಜಿಬಿ ಇಮೇಜ್ (ಹಾಕಬೇಕಾದ ಪೂರ್ತಿ ವಿಂಡೋಸ್ ಇರುವ ಫೈಲ್) ಒಂದು ಯಂತ್ರಕ್ಕೆ ಹೋಗಲು ಎಂಟು ನಿಮಿಷದ ಮೇಲೆ ಬೇಕು. ಹತ್ತು ಯಂತ್ರ ಒಟ್ಟಿಗೆ ಎಳೆದರೆ ಸರ್ವರ್‌ನ ಅದೇ ಒಂದು ಕೇಬಲ್‌ನಲ್ಲಿ ಒಂದೂಕಾಲು ಗಂಟೆ ದಾಟುತ್ತದೆ. ಸರ್ವರ್‌ನಲ್ಲಿ ಗಿಗಾಬಿಟ್ ಕಾರ್ಡ್ ಇದ್ದರೂ ಹೀಗಾಗುವುದುಂಟು. ಗಿಗಾಬಿಟ್‌ಗೆ ಕೇಬಲ್‌ನ ಎಂಟೂ ತಂತಿ ಸರಿ ಇರಬೇಕು, 100ಕ್ಕೆ ನಾಲ್ಕು ಸಾಕು. ಉಳಿದ ನಾಲ್ಕರಲ್ಲಿ ಒಂದು ತಂತಿ ಸಡಿಲವಾದರೂ ವೇಗ ಸುಮ್ನೆ 100ಕ್ಕೆ ಇಳಿಯಬಹುದು, ಯಾರಿಗೂ ಹೇಳುವುದಿಲ್ಲ. ಸರ್ವರ್‌ನ ನೆಟ್‌ವರ್ಕ್ ಸ್ಟೇಟಸ್‌ನಲ್ಲಿ ವೇಗ ಎಷ್ಟಿದೆ ಎಂದು ಒಮ್ಮೆ ನೋಡಿಬಿಡಿ.

ಎರಡೂ ದೀಪ ಸುಮ್ಮನಿದ್ದು, ಅರ್ಧ ಗಂಟೆ ಏನೂ ಬದಲಾಗದಿದ್ದರೆ ಆಗ ನಿಂತಿದೆ ಎನ್ನಿ. ವಿಂಡೋಸ್ ಅಪ್‌ಡೇಟ್ ಹಂತದಲ್ಲಿದ್ದರೆ ಇನ್ನೂ ಜಾಸ್ತಿ ಕಾಯಬೇಕು.

## ಹಂತ 2: ಎಷ್ಟು ಯಂತ್ರ ನಿಂತಿವೆ ಎಣಿಸಿ

ಈ ಒಂದು ಪ್ರಶ್ನೆ ಅರ್ಧ ಹುಡುಕಾಟ ಉಳಿಸುತ್ತದೆ. ಆದರೂ ಬಹಳ ಜನ ಮೊದಲ ಯಂತ್ರದ ಮುಂದೆಯೇ ಕೂತುಬಿಡುತ್ತಾರೆ.

ಒಂದೇ ಯಂತ್ರ ನಿಂತಿದ್ದರೆ ಅದರ ಕೇಬಲ್, ಡಿಸ್ಕ್, ರ‍್ಯಾಮ್, ಬಯಾಸ್ (ಯಂತ್ರ ಶುರುವಾಗುವಾಗಿನ ಮೂಲ ಸೆಟ್ಟಿಂಗ್) ನೋಡಿ. ಒಂದೇ ಮಾಡೆಲ್‌ನ ಎಲ್ಲವೂ ಒಂದೇ ಕಡೆ ನಿಂತರೆ ಡ್ರೈವರ್. ಒಂದೇ ಮಹಡಿಯ ಯಂತ್ರಗಳಾದರೆ ಆ ಮಹಡಿಯ ಸ್ವಿಚ್. ಎಲ್ಲ ಮಾಡೆಲ್, ಎಲ್ಲ ಮಹಡಿ ಅಂದರೆ ಸರ್ವರ್: ಡಿಸ್ಕ್ ತುಂಬಿದೆಯಾ, ಸೇವೆ ನಿಂತಿದೆಯಾ, ಪಾಸ್‌ವರ್ಡ್ ಅವಧಿ ಮುಗಿದಿದೆಯಾ ನೋಡಿ. ನಿನ್ನೆ ಸರಿಯಾಗಿ ನಡೆದು ಇವತ್ತು ಎಲ್ಲವೂ ನಿಂತರೆ ನಿನ್ನೆ ರಾತ್ರಿ ಸರ್ವರ್‌ನಲ್ಲಿ ಏನು ಬದಲಾಯಿತು ಎಂದು ಕೇಳಿ. ಆ ದಿನ ಡ್ರೈವರ್ ಹುಡುಕಬೇಡಿ.

## ಹಂತ 3: ಲಾಗ್ ಉಳಿಸಿ

ವಿಂಡೋಸ್ ಪಿಇ ಪರದೆ ಬಂದಿದ್ದರೆ ಎಫ್8 ಒತ್ತಿ. ಕಪ್ಪು ಕಮ್ಯಾಂಡ್ ಕಿಟಕಿ ತೆರೆಯುತ್ತದೆ. ಎಸ್‌ಸಿಸಿಎಂನಲ್ಲಿ ಇದು ತೆರೆಯಬೇಕಾದರೆ ಬೂಟ್ ಇಮೇಜ್‌ನಲ್ಲಿ (ವಿಂಡೋಸ್ ಪಿಇ ಇರುವ ಫೈಲ್) ಕಮ್ಯಾಂಡ್ ಬೆಂಬಲವನ್ನು ಮೊದಲೇ ಆನ್ ಮಾಡಿರಬೇಕು. ಕಿಟಕಿ ತೆರೆದಿರುವವರೆಗೆ ಯಂತ್ರ ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ, ಅದೇ ದೊಡ್ಡ ಲಾಭ. ವಿಂಡೋಸ್ ಸೆಟಪ್ ಪರದೆಯಲ್ಲಾದರೆ ಶಿಫ್ಟ್ ಮತ್ತು ಎಫ್10 ಒತ್ತಿ.

ಲಾಗ್ ಇರುವ ಜಾಗ ಕೆಲಸ ಎಲ್ಲಿಗೆ ಬಂದಿದೆ ಎನ್ನುವುದರ ಮೇಲೆ ಬದಲಾಗುತ್ತದೆ:

- ಎಂಡಿಟಿ, ಡಿಸ್ಕ್ ಫಾರ್ಮ್ಯಾಟ್ ಆಗುವ ಮೊದಲು: ಎಕ್ಸ್ ಡ್ರೈವ್‌ನ ಮಿನಿಂಟ್ ಫೋಲ್ಡರ್, ಅದರೊಳಗೆ ಎಸ್‌ಎಂಎಸ್‌ಒಎಸ್‌ಡಿ, ಅದರೊಳಗೆ ಒಎಸ್‌ಡಿಲಾಗ್ಸ್. ನೋಡಬೇಕಾದ ಫೈಲ್ ಬಿಡಿಡಿ ಲಾಗ್.
- ಫಾರ್ಮ್ಯಾಟ್ ಆದ ಮೇಲೆ: ಅದೇ ಫೋಲ್ಡರ್, ಸಿ ಡ್ರೈವ್‌ನಲ್ಲಿ.
- ಎಸ್‌ಸಿಸಿಎಂ, ವಿಂಡೋಸ್ ಪಿಇ ಹಂತದಲ್ಲಿ: ಎಕ್ಸ್ ಡ್ರೈವ್‌ನ ವಿಂಡೋಸ್, ಟೆಂಪ್, ಎಸ್‌ಎಂಎಸ್‌ಟಿಎಸ್‌ಲಾಗ್.
- ಸೆಟಪ್ ಶುರುವಾದ ಮೇಲೆ: ಸಿ ಡ್ರೈವ್‌ನ ವಿಂಡೋಸ್ ಒಳಗಿನ ಪ್ಯಾಂಥರ್ ಫೋಲ್ಡರ್. ಮೊದಲು ಸೆಟಪ್‌ಎರರ್, ಆಮೇಲೆ ಸೆಟಪ್‌ಆಕ್ಟ್.

ಕಮ್ಯಾಂಡ್ ಟೈಪ್ ಮಾಡಲು ಕೈ ಓಡದಿದ್ದರೆ ಸುಲಭದ ದಾರಿ ಇದೆ. ಕಪ್ಪು ಕಿಟಕಿಯಲ್ಲಿ ನೋಟ್‌ಪ್ಯಾಡ್ ಎಂದು ಟೈಪ್ ಮಾಡಿ. ಫೈಲ್, ಓಪನ್ ಒತ್ತಿ, ಕೆಳಗೆ «ಎಲ್ಲ ಫೈಲ್» ಆಯ್ಕೆ ಮಾಡಿ. ಆ ಪುಟ್ಟ ಕಿಟಕಿಯಲ್ಲೇ ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿ ಕಾಪಿ, ಪೆನ್‌ಡ್ರೈವ್‌ಗೆ ಹೋಗಿ ಪೇಸ್ಟ್. ಅಷ್ಟೇ.

ಓದುವಾಗ ಕೊನೆಯ ಕೆಂಪು ಸಾಲಿಗೆ ನಿಲ್ಲಬೇಡಿ. ಕೊನೆಯ ಸಾಲು ಬಹಳ ಸಲ 80004005 ಎಂದು ಇರುತ್ತದೆ. ಅದರ ಅರ್ಥ «ಏನೋ ತಪ್ಪಾಗಿದೆ» ಎಂದಷ್ಟೇ. ಆ ಸಂಖ್ಯೆ ಹಿಡಿದು ಹುಡುಕಿದರೆ ನೂರು ದಾರಿ ಸಿಗುತ್ತವೆ, ನಿಮ್ಮದು ಸಿಗುವುದಿಲ್ಲ. ಕೆಳಗಿನಿಂದ ಮೇಲಕ್ಕೆ ಹೋಗಿ, ಮೊದಲು ಎಡವಿದ ಸಾಲು ಹುಡುಕಿ. ಅದರ ಮೇಲಿನ ಹತ್ತು ಸಾಲುಗಳಲ್ಲಿ ಉತ್ತರ ಇರುತ್ತದೆ.

ಪ್ರತಿ ಸಲ ಪೆನ್‌ಡ್ರೈವ್ ಹಿಡಿದು ಓಡಾಡುವುದು ಬೇಡ ಎಂದರೆ ಎಂಡಿಟಿಯ ಕಸ್ಟಮ್‌ಸೆಟ್ಟಿಂಗ್ಸ್ ಫೈಲ್‌ನಲ್ಲಿ ಎಸ್‌ಎಲ್‌ಶೇರ್‌ಡೈನಮಿಕ್‌ಲಾಗಿಂಗ್ (SLShareDynamicLogging) ಸಾಲು ಸೇರಿಸಿ, ಸರ್ವರ್‌ನ ಒಂದು ಫೋಲ್ಡರ್ ತೋರಿಸಿ. ನೆಟ್‌ವರ್ಕ್ ಇರುವವರೆಗೆ ಲಾಗ್ ಆಗಿಂದಾಗಲೇ ಅಲ್ಲಿಗೂ ಬರೆಯಲಾಗುತ್ತದೆ. ಕರೆಂಟು ಹೋದರೂ ಅಲ್ಲಿವರೆಗಿನ ಲಾಗ್ ಉಳಿಯುತ್ತದೆ.

## ಹಂತ 4: ನೆಟ್‌ವರ್ಕ್ ಬೂಟ್‌ನಲ್ಲೇ ನಿಂತರೆ

ಇಲ್ಲಿ ಲಾಗ್ ಇರುವುದಿಲ್ಲ. ಪರದೆಯ ಸಂಖ್ಯೆಯೇ ಲಾಗ್. ಅದು ಬೇಗ ಮಾಯವಾಗುತ್ತದೆ, ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಳ್ಳಿ.

ಪಿಎಕ್ಸ್‌ಇ (ನೆಟ್‌ವರ್ಕ್ ಬೂಟ್) ಇ61 ಬಂದರೆ ಕೇಬಲ್ ನೋಡಿ. ಇ51 ಅಥವಾ ಯುಇಎಫ್‌ಐ (ಬಯಾಸ್‌ನ ಹೊಸ ರೂಪ) ಯಂತ್ರದಲ್ಲಿ ಇ16 ಬಂದರೆ ಯಾರಿಂದಲೂ ಉತ್ತರ ಬಂದಿಲ್ಲ. ಇ53 ಬಂದರೆ ಐಪಿ ವಿಳಾಸ ಸಿಕ್ಕಿದೆ, ಬೂಟ್ ಫೈಲ್ ಹೆಸರು ಸಿಕ್ಕಿಲ್ಲ. ಇ32 ಬಂದರೆ ಫೈಲ್ ಇಳಿಸಲು ಹೋದಾಗ ಸರ್ವರ್ ಬಾಗಿಲು ತೆಗೆದಿಲ್ಲ, ಬಹುತೇಕ ಫೈರ್‌ವಾಲ್. ಸರ್ವರ್‌ನಲ್ಲಿ ಯುಡಿಪಿ 67, 68, 69, 4011 ತೆರೆದಿರಬೇಕು.

ಇ53ಕ್ಕೆ ನಮ್ಮ ಸಣ್ಣ ಆಫೀಸುಗಳಲ್ಲಿ ಕಾಣುವ ಕಾರಣ ಎರಡನೇ ರೌಟರ್. ವೈಫೈಗೆಂದು ಯಾರೋ ತಂದು ಸ್ವಿಚ್‌ಗೆ ಸಿಕ್ಕಿಸಿದ್ದು, ಅದೂ ಐಪಿ ಹಂಚುತ್ತಿರುತ್ತದೆ. ಯಂತ್ರ ಕೆಲವು ಸಲ ಅದರ ಉತ್ತರ ಹಿಡಿಯುತ್ತದೆ, ಕೆಲವು ಸಲ ಸರ್ವರ್‌ನದ್ದು. «ಒಮ್ಮೆ ಬರ್ತದೆ, ಒಮ್ಮೆ ಬರಲ್ಲ» ಎಂದರೆ ಮೊದಲು ಇದನ್ನೇ ಹುಡುಕಿ. ಆ ರೌಟರ್‌ನ ಡಿಎಚ್‌ಸಿಪಿ (ಐಪಿ ಹಂಚುವ ಸೇವೆ) ಆಫ್ ಮಾಡಿ.

ಡಿಎಚ್‌ಸಿಪಿ ಮತ್ತು ಡಬ್ಲ್ಯುಡಿಎಸ್ ಒಂದೇ ಸರ್ವರ್‌ನಲ್ಲಿದ್ದರೆ ಡಬ್ಲ್ಯುಡಿಎಸ್‌ಗೆ 67ನೇ ಪೋರ್ಟ್ ಕೇಳಬೇಡ ಎಂದು ಹೇಳಬೇಕು, ಡಿಎಚ್‌ಸಿಪಿಗೆ 60ನೇ ಆಯ್ಕೆ ಸೇರಿಸಬೇಕು. ಡಬ್ಲ್ಯುಡಿಎಸ್ ಸೆಟ್ಟಿಂಗ್‌ನ ಡಿಎಚ್‌ಸಿಪಿ ಟ್ಯಾಬ್‌ನಲ್ಲಿ ಎರಡು ಟಿಕ್ ಮಾತ್ರ. ಸರ್ವರ್ ಬೇರೆ ವಿಎಲ್ಯಾನ್‌ನಲ್ಲಿದ್ದರೆ (ನೆಟ್‌ವರ್ಕ್‌ನ ಬೇರ್ಪಡಿಸಿದ ಭಾಗ) ಸ್ವಿಚ್‌ನಲ್ಲಿ ಐಪಿ ಹೆಲ್ಪರ್ (ಯಂತ್ರದ ಕೋರಿಕೆಯನ್ನು ಸರ್ವರ್‌ಗೆ ದಾಟಿಸುವ ಸೆಟ್ಟಿಂಗ್) ಹಾಕಿ, ಡಿಎಚ್‌ಸಿಪಿ ಸರ್ವರ್ ಜೊತೆ ಡಬ್ಲ್ಯುಡಿಎಸ್ ಸರ್ವರ್ ವಿಳಾಸವನ್ನೂ ಕೊಡಿ. ಡಿಎಚ್‌ಸಿಪಿಯ 66, 67ನೇ ಆಯ್ಕೆ (ಬೂಟ್ ಸರ್ವರ್ ಮತ್ತು ಬೂಟ್ ಫೈಲ್ ಹೆಸರು) ಹಾಕಿ ಮುಗಿಸುವವರಿದ್ದಾರೆ. ನನ್ನ ಮಟ್ಟಿಗೆ ಅದು ಬೇಡ. ಅದು ಎಲ್ಲ ಯಂತ್ರಕ್ಕೂ ಒಂದೇ ಬೂಟ್ ಫೈಲ್ ಹೆಸರು ಹೇಳುತ್ತದೆ. ಹಳೆ ಬಯಾಸ್ ಯಂತ್ರಕ್ಕೆ ಬೇಕಾದ ಫೈಲ್ ಬೇರೆ, ಯುಇಎಫ್‌ಐಗೆ ಬೇರೆ. ಒಂದು ಸರಿಹೋದರೆ ಇನ್ನೊಂದು ನಿಲ್ಲುತ್ತದೆ.

ದೊಡ್ಡ ಸ್ವಿಚ್‌ಗಳಲ್ಲಿ ಸ್ಪ್ಯಾನಿಂಗ್ ಟ್ರೀ (ಕೇಬಲ್ ಸುತ್ತು ಬೀಳದಂತೆ ತಡೆಯುವ ಸೌಲಭ್ಯ) ಇದ್ದರೆ ಪೋರ್ಟ್ ತೆರೆಯಲು 30 ಸೆಕೆಂಡು ಹಿಡಿಯಬಹುದು. ಅಷ್ಟರಲ್ಲಿ ಯಂತ್ರ ಕಾದು ಬೇಸತ್ತಿರುತ್ತದೆ. ಪರೀಕ್ಷೆ ಸುಲಭ: ನಿಮ್ಮ ಸಣ್ಣ ಸ್ವಿಚ್ ನಡುವೆ ಹಾಕಿ. ಆಗ ಬೂಟ್ ಆದರೆ ಆ ಪೋರ್ಟ್‌ಗಳಿಗೆ ಪೋರ್ಟ್‌ಫಾಸ್ಟ್ (ಕಾಯದೆ ಪೋರ್ಟ್ ತೆರೆಯುವ ಸೆಟ್ಟಿಂಗ್) ಹಾಕಿಸಿ.

ಬೂಟ್ ಇಮೇಜ್ ಇಳಿಯುತ್ತಾ ಅರ್ಧಕ್ಕೆ ನಿಂತರೆ ಡಬ್ಲ್ಯುಡಿಎಸ್‌ನ ಟಿಎಫ್‌ಟಿಪಿ ಟ್ಯಾಬ್‌ನಲ್ಲಿ ವೇರಿಯಬಲ್ ವಿಂಡೋ ಎಕ್ಸ್‌ಟೆನ್ಷನ್ ಟಿಕ್ ತೆಗೆದು, ಸೇವೆ ರೀಸ್ಟಾರ್ಟ್ ಮಾಡಿ ನೋಡಿ.

ಇನ್ನೊಂದು ತಪ್ಪು: ವಿಂಡೋಸ್ 11 ಐಎಸ್‌ಒ ಒಳಗಿನ ಬೂಟ್ ಡಾಟ್ ವಿಮ್ ಫೈಲನ್ನು ನೇರ ಡಬ್ಲ್ಯುಡಿಎಸ್‌ಗೆ ಹಾಕುವುದು. ಹಾಗೆ ಇನ್‌ಸ್ಟಾಲ್ ಮಾಡುವ ದಾರಿಯನ್ನು ಮೈಕ್ರೋಸಾಫ್ಟ್ ಮುಚ್ಚಿದೆ. ಎಂಡಿಟಿ ಅಥವಾ ಎಸ್‌ಸಿಸಿಎಂ ತಯಾರಿಸಿದ ಬೂಟ್ ಇಮೇಜ್ ಹಾಕಿ.

## ಹಂತ 5: ವಿಂಡೋಸ್ ಪಿಇ ಬಂತು, ಮುಂದೆ ಹೋಗುತ್ತಿಲ್ಲ

ಎಫ್8 ಒತ್ತಿ, ಐಪಿಕಾನ್ಫಿಗ್ ಕೊಡಿ. ಮೂರರಲ್ಲಿ ಒಂದು ಕಾಣುತ್ತದೆ.

ಯಾವ ಅಡಾಪ್ಟರ್ ಕೂಡ ಕಾಣದಿದ್ದರೆ ನೆಟ್‌ವರ್ಕ್ ಡ್ರೈವರ್ ಇಲ್ಲ. «ಪಿಎಕ್ಸ್‌ಇ ಬೂಟ್ ಆಯ್ತಲ್ಲ, ನೆಟ್‌ವರ್ಕ್ ಸರಿ ಇದೆ ಅಲ್ವಾ?» ಎಂದು ಕೇಳುವವರು ಬಹಳ. ಬೂಟ್ ಮಾಡಿಸಿದ್ದು ಯಂತ್ರದ ಫರ್ಮ್‌ವೇರ್. ವಿಂಡೋಸ್ ಪಿಇಗೆ ತನ್ನದೇ ಡ್ರೈವರ್ ಬೇಕು. ಪೆನ್‌ಡ್ರೈವ್‌ನಿಂದ ಡಿಆರ್‌ವಿಲೋಡ್ (drvload) ಕಮ್ಯಾಂಡ್ ಮೂಲಕ ಐಎನ್‌ಎಫ್ ಫೈಲ್ ಕೊಟ್ಟು, ಮತ್ತೆ ಐಪಿಕಾನ್ಫಿಗ್ ನೋಡಿ. ಅಡಾಪ್ಟರ್ ಬಂದರೆ ಇದೇ ಸರಿಯಾದ ಡ್ರೈವರ್ ಎಂದು ಸಾಬೀತಾಯಿತು.

ಈಗ ಅದನ್ನು ಎಂಡಿಟಿಗೆ ಸೇರಿಸಿ. ಇಲ್ಲಿ ಬಹಳ ಜನ ನಿಲ್ಲುತ್ತಾರೆ. ಡ್ರೈವರ್ ಸೇರಿಸಿದ ಮಾತ್ರಕ್ಕೆ ಬೂಟ್ ಇಮೇಜ್ ಬದಲಾಗುವುದಿಲ್ಲ. ಡಿಪ್ಲಾಯ್‌ಮೆಂಟ್ ಶೇರ್ (ಎಂಡಿಟಿಯ ಫೈಲ್‌ಗಳಿರುವ ಸರ್ವರ್ ಫೋಲ್ಡರ್) ಅಪ್‌ಡೇಟ್ ಮಾಡಬೇಕು, ಹೊಸದಾಗಿ ಬಂದ ಬೂಟ್ ಇಮೇಜನ್ನು ಡಬ್ಲ್ಯುಡಿಎಸ್‌ನಲ್ಲಿ ಹಳೆಯದರ ಜಾಗಕ್ಕೆ ಹಾಕಬೇಕು. ಎರಡನೆಯದು ಮರೆತರೆ ಯಂತ್ರಗಳು ಹಳೆ ಇಮೇಜನ್ನೇ ಎತ್ತಿಕೊಳ್ಳುತ್ತವೆ. ಡಬ್ಲ್ಯುಡಿಎಸ್‌ನಲ್ಲಿ ಇಮೇಜ್‌ನ ತಾರೀಖು ನೋಡಿದರೆ ಗೊತ್ತಾಗುತ್ತದೆ.

169.254 ಎಂದು ಶುರುವಾಗುವ ವಿಳಾಸ ಕಂಡರೆ ಡ್ರೈವರ್ ಇದೆ, ಐಪಿ ಸಿಕ್ಕಿಲ್ಲ. ಡಿಎಚ್‌ಸಿಪಿಯಲ್ಲಿ ವಿಳಾಸ ಖಾಲಿಯಾಗಿರಬಹುದು, ಅಥವಾ ಮತ್ತೆ ಆ ಸ್ವಿಚ್ ಪೋರ್ಟ್‌ನ 30 ಸೆಕೆಂಡು.

ಸರಿಯಾದ ವಿಳಾಸ ಇದ್ದರೆ ನೆಟ್ ಯೂಸ್ (net use) ಕಮ್ಯಾಂಡಿನಿಂದ ಸರ್ವರ್‌ನ ಶೇರ್ ತೆರೆಯಲು ನೋಡಿ. 53 ಬಂದರೆ ಸರ್ವರ್ ಸಿಗುತ್ತಿಲ್ಲ: ಹೆಸರು ತಪ್ಪು, ಡಿಎನ್‌ಎಸ್ (ಹೆಸರಿನಿಂದ ವಿಳಾಸ ಹುಡುಕಿಕೊಡುವ ಸೇವೆ) ತಪ್ಪು ಅಥವಾ 445ನೇ ಪೋರ್ಟ್ ಮುಚ್ಚಿದೆ. 5 ಬಂದರೆ ಅನುಮತಿ ಇಲ್ಲ. 86 ಅಥವಾ 1326 ಬಂದರೆ ಪಾಸ್‌ವರ್ಡ್ ತಪ್ಪು. ಇನ್‌ಸ್ಟಾಲ್‌ಗೆಂದು ಮಾಡಿದ ಅಕೌಂಟ್‌ನ ಪಾಸ್‌ವರ್ಡ್ ಬದಲಾಗಿ, ಬೂಟ್‌ಸ್ಟ್ರಾಪ್ ಫೈಲ್‌ನಲ್ಲಿ ಹಳೆಯದೇ ಉಳಿದಿರುತ್ತದೆ. ಆ ಫೈಲ್ ಬೂಟ್ ಇಮೇಜ್ ಒಳಗೇ ಇರುವುದರಿಂದ ತಿದ್ದಿದ ಮೇಲೆ ಇಮೇಜ್ ಮತ್ತೆ ತಯಾರಿಸಬೇಕು.

ಲ್ಯಾಪ್‌ಟಾಪ್‌ಗಳಿಗೆ ಕೇಬಲ್ ಸಿಕ್ಕಿಸಿ. ಈ ಹಂತದಲ್ಲಿ ವೈಫೈ ನಡೆಯುವುದಿಲ್ಲ.

## ಹಂತ 6: ಡಿಸ್ಕ್ ಹತ್ತಿರ ನಿಂತರೆ

ಇಲ್ಲಿ ನಿಧಾನವಾಗಿ ಓದಿ. ಉಳಿದ ಹಂತಗಳಲ್ಲಿ ತಪ್ಪಿದರೆ ಸಮಯ ಹೋಗುತ್ತದೆ, ಇಲ್ಲಿ ತಪ್ಪಿದರೆ ಡೇಟಾ ಹೋಗುತ್ತದೆ.

ಡಿಸ್ಕ್‌ಪಾರ್ಟ್ ತೆರೆದು ಡಿಸ್ಕ್ ಪಟ್ಟಿ ನೋಡಿ. ಪಟ್ಟಿ ಖಾಲಿ ಇದ್ದು ಯಂತ್ರ ಇಂಟೆಲ್ 11ನೇ ಪೀಳಿಗೆ ಅಥವಾ ಹೊಸದಾದರೆ ಬಹುತೇಕ ಕಾರಣ ವಿಎಂಡಿ (ಡಿಸ್ಕ್‌ಗಳನ್ನು ನಿರ್ವಹಿಸುವ ಇಂಟೆಲ್ ಸೌಲಭ್ಯ). ಇಂಟೆಲ್‌ನ ವಿಎಂಡಿ ಡ್ರೈವರನ್ನು ಬೂಟ್ ಇಮೇಜ್‌ಗೂ ವಿಂಡೋಸ್ ಡ್ರೈವರ್ ಪಟ್ಟಿಗೂ ಸೇರಿಸಿ. ಬಯಾಸ್‌ನಲ್ಲಿ ವಿಎಂಡಿ ಆಫ್ ಮಾಡಿದರೂ ಡಿಸ್ಕ್ ಕಾಣುತ್ತದೆ. ಆದರೆ ಮುಂದೆ ಯಾರಾದರೂ ಬಯಾಸ್ ರೀಸೆಟ್ ಮಾಡಿದ ದಿನ ವಿಂಡೋಸ್ ಏಳದೇ ಹೋಗಬಹುದು. ಡ್ರೈವರ್ ಸೇರಿಸುವುದೇ ಗಟ್ಟಿ ದಾರಿ.

ಡಿಸ್ಕ್ ಕಂಡೂ ಎಂಡಿಟಿ «ಡರ್ಟಿ ಎನ್ವಿರಾನ್‌ಮೆಂಟ್» ಎಂದರೆ ಹಿಂದೆ ಅರ್ಧಕ್ಕೆ ನಿಂತ ಇನ್‌ಸ್ಟಾಲ್‌ನ ಮಿನಿಂಟ್ ಮತ್ತು ಎಸ್‌ಎಂಎಸ್‌ಟಾಸ್ಕ್‌ಸೀಕ್ವೆನ್ಸ್ ಫೋಲ್ಡರ್ ಅಲ್ಲೇ ಉಳಿದಿವೆ. ಪವರ್ ಬಟನ್ ಒತ್ತಿದವರಿಗೆ ಸಿಗುವ ಉಡುಗೊರೆ ಇದು. ಆ ಎರಡು ಫೋಲ್ಡರ್ ಅಳಿಸಿದರೆ ಸಾಕು. ಎಲ್ಲರೂ ಹೇಳಿಕೊಡುವುದು ಡಿಸ್ಕ್‌ಪಾರ್ಟ್‌ನ ಕ್ಲೀನ್. ಅದು ಇಡೀ ಡಿಸ್ಕ್‌ನ ಪಾರ್ಟಿಷನ್ ಅಳಿಸುತ್ತದೆ, ಡಿ ಡ್ರೈವ್ ಸೇರಿ.

ಡಿ ಡ್ರೈವ್‌ನಲ್ಲಿ ಟ್ಯಾಲಿ ಡೇಟಾ ಇರುತ್ತದೆ. ಅಕೌಂಟೆಂಟ್ «ಎಲ್ಲ ಸರ್ವರ್‌ನಲ್ಲಿದೆ» ಎಂದರೂ ನೀವೇ ತೆರೆದು ನೋಡಿ. ಬೇರೆ ಡಿಸ್ಕ್‌ಗೆ ಕಾಪಿ ಮಾಡಿ, ಆ ಕಾಪಿಯನ್ನು ಇನ್ನೊಂದು ಯಂತ್ರದಲ್ಲಿ ಟ್ಯಾಲಿಯಲ್ಲಿ ತೆರೆಸಿ. ಆಮೇಲೆ ಕ್ಲೀನ್. ಎರಡು ಡಿಸ್ಕ್ ಇರುವ ಯಂತ್ರದಲ್ಲಿ ಬೇಡದ್ದನ್ನು ಬಿಚ್ಚಿಟ್ಟೇ ಶುರು ಮಾಡಿ, ಏಕೆಂದರೆ ಡಿಸ್ಕ್ 0 ಯಾವುದು ಎನ್ನುವುದು ನೀವು ಅಂದುಕೊಂಡಂತೆ ಇರಬೇಕೆಂದಿಲ್ಲ. ಗಾತ್ರ ನೋಡಿ ಗುರುತಿಸಿ.

## ಹಂತ 7: ಇಮೇಜ್ ಕಾಪಿ ಅರ್ಧಕ್ಕೆ ನಿಂತರೆ

ಎಲ್ಲ ಯಂತ್ರ ಒಂದೇ ಶೇಕಡಾದಲ್ಲಿ ನಿಂತರೆ ಇಮೇಜ್ ಫೈಲ್ ಕೆಟ್ಟಿದೆ. ಸರ್ವರ್‌ನಲ್ಲಿ ಸರ್ಟ್‌ಯುಟಿಲ್ ಬಳಸಿ ಅದರ ಹ್ಯಾಶ್ (ಫೈಲ್‌ನ ಗುರುತಿನ ಸಂಖ್ಯೆ) ತೆಗೆದು ಮೂಲ ಫೈಲ್‌ನ ಹ್ಯಾಶ್ ಜೊತೆ ಹೋಲಿಸಿ. ಒಂದೇ ಯಂತ್ರ ಪ್ರತಿ ಸಲ ಬೇರೆ ಬೇರೆ ಶೇಕಡಾದಲ್ಲಿ ನಿಂತರೆ ಅದರ ರ‍್ಯಾಮ್, ಕೇಬಲ್ ಅಥವಾ ಡಿಸ್ಕ್. 80070570 ಕಂಡರೆ ಫೈಲ್ ಹಾಳಾಗಿ ಬಂದಿದೆ ಎಂದರ್ಥ. ರ‍್ಯಾಮ್ ಎರಡು ಇದ್ದರೆ ಒಂದೊಂದೇ ಹಾಕಿ ನೋಡಿ.

## ಹಂತ 8: ಮೊದಲ ರೀಸ್ಟಾರ್ಟ್ ಆದ ಮೇಲೆ

ರೀಸ್ಟಾರ್ಟ್ ಆಗಿ ಮತ್ತೆ ನೆಟ್‌ವರ್ಕ್ ಬೂಟ್‌ಗೆ ಹೋದರೆ ತಕ್ಷಣ ಎಚ್ಚರ. ಬೂಟ್ ಕ್ರಮದಲ್ಲಿ ನೆಟ್‌ವರ್ಕ್ ಮೊದಲಿದೆ. ಬಿಟ್ಟರೆ ಇನ್‌ಸ್ಟಾಲ್ ಮೊದಲಿನಿಂದ ಶುರುವಾಗುತ್ತದೆ. ಡಿಸ್ಕ್ ಮೊದಲು ಬರುವಂತೆ ಬಯಾಸ್‌ನಲ್ಲಿ ಇಟ್ಟು, ನೆಟ್‌ವರ್ಕ್ ಬೂಟ್ ಬೇಕಾದಾಗ ಮಾತ್ರ ಎಫ್12 ಮಾದರಿಯ ಕೀ ಬಳಸಿ.

ಉತ್ತರ ಫೈಲ್ (ಸೆಟಪ್ ಕೇಳುವ ಪ್ರಶ್ನೆಗಳಿಗೆ ಮೊದಲೇ ಉತ್ತರ ಬರೆದಿಟ್ಟ ಫೈಲ್) ಓದಲಾಗಲಿಲ್ಲ ಎಂದು ನಿಂತರೆ ಮೊದಲು ಕಂಪ್ಯೂಟರ್ ಹೆಸರು ಎಣಿಸಿ. 15 ಅಕ್ಷರ ದಾಟುವಂತಿಲ್ಲ. ಇಂಗ್ಲಿಷ್‌ನಲ್ಲಿ ದಾವಣಗೆರೆ ಎಂದು ಬರೆದರೇ 10 ಅಕ್ಷರ, ಚಿತ್ರದುರ್ಗ 11. ಮುಂದೆ ವಿಭಾಗದ ಹೆಸರು ಸೇರಿದರೆ ಮುಗಿಯಿತು. ಊರಿಗೆ ಮೂರು ಅಕ್ಷರದ ಗುರುತು ಇಟ್ಟುಕೊಳ್ಳಿ. ಆಮೇಲೆ ಪ್ರಾಡಕ್ಟ್ ಕೀ ಇಮೇಜ್‌ನ ಎಡಿಷನ್‌ಗೆ ಹೊಂದುತ್ತದೆಯಾ ನೋಡಿ. ತಪ್ಪಿನ ಸಂದೇಶ ಇಲ್ಲದೆ, ಭಾಷೆ ಕೇಳುವ ಪರದೆಯಲ್ಲಿ ಸುಮ್ಮನೆ ನಿಂತಿದ್ದರೆ ಉತ್ತರ ಫೈಲ್‌ನ ಭಾಷೆ ಇಮೇಜ್‌ನಲ್ಲಿಲ್ಲ. ಅಮೆರಿಕದ ಇಂಗ್ಲಿಷ್ ಎಂದು ಬರೆದು ಬ್ರಿಟಿಷ್ ಇಂಗ್ಲಿಷ್ ಐಎಸ್‌ಒ ಇಳಿಸಿಕೊಂಡರೆ ಹೀಗಾಗುತ್ತದೆ.

ಡೊಮೇನ್ (ಆಫೀಸಿನ ಎಲ್ಲ ಯಂತ್ರ, ಅಕೌಂಟ್‌ಗಳನ್ನು ಒಂದೇ ಕಡೆ ನಿರ್ವಹಿಸುವ ವ್ಯವಸ್ಥೆ) ಸೇರಲು ಆಗದಿದ್ದರೆ ಸಿ ಡ್ರೈವ್‌ನ ವಿಂಡೋಸ್, ಡಿಬಗ್ ಫೋಲ್ಡರ್‌ನ ನೆಟ್‌ಸೆಟಪ್ ಲಾಗ್ ಓದಿ. ಗಡಿಯಾರ ಸರ್ವರ್‌ಗಿಂತ 5 ನಿಮಿಷಕ್ಕಿಂತ ಹೆಚ್ಚು ಹಿಂದೆ ಮುಂದೆ ಇದ್ದರೆ ಲಾಗಿನ್ ಒಪ್ಪುವುದಿಲ್ಲ. ಹಳೆ ಯಂತ್ರದಲ್ಲಿ ವರ್ಷವೇ ಹಿಂದೆ ಹೋಗಿದ್ದರೆ ಮದರ್‌ಬೋರ್ಡ್‌ನ ಸಿಆರ್2032 ಸೆಲ್ ಬದಲಿಸಿ. ಡಿಎನ್‌ಎಸ್ ಜಾಗದಲ್ಲಿ ಇಂಟರ್ನೆಟ್ ಕಂಪನಿಯ ವಿಳಾಸ ಇದ್ದರೆ ಡೊಮೇನ್ ಸಿಗುವುದೇ ಇಲ್ಲ. 2732 ಎಂಬ ಸಂಖ್ಯೆ ಕಂಡರೆ ಅದೇ ಹೆಸರಿನ ಹಳೆ ಕಂಪ್ಯೂಟರ್ ಅಕೌಂಟ್ ಡೊಮೇನ್‌ನಲ್ಲಿದೆ, ಅದನ್ನು ಬೇರೆಯವರು ಮಾಡಿದ್ದಾರೆ. 2022ರ ಅಕ್ಟೋಬರ್ ಅಪ್‌ಡೇಟ್‌ನಿಂದ ಇದನ್ನು ಬಿಗಿ ಮಾಡಲಾಗಿದೆ. ಹಳೆ ಅಕೌಂಟ್ ಬೇಡವಾಗಿದ್ದರೆ ಅಳಿಸಿ ಮತ್ತೆ ಸೇರಿಸಿ.

## ಹಂತ 9: ಸಾಫ್ಟ್‌ವೇರ್ ಹಾಕುವಾಗ ನಿಂತರೆ

ವಿಂಡೋಸ್ ಬಂದಿದೆ, «ಅಪ್ಲಿಕೇಶನ್ ಇನ್‌ಸ್ಟಾಲ್ ಆಗುತ್ತಿದೆ» ಎಂದು ಗಂಟೆಗಟ್ಟಲೆ ನಿಂತಿದೆ. ಯಾವುದೋ ಇನ್‌ಸ್ಟಾಲರ್ ಒಂದು ಪ್ರಶ್ನೆ ಕೇಳಿ ಕಾಯುತ್ತಿದೆ, ಆ ಕಿಟಕಿ ನಿಮಗೆ ಕಾಣುತ್ತಿಲ್ಲ. ನುಡಿ, ಟ್ಯಾಲಿ, ಪ್ರಿಂಟರ್ ಡ್ರೈವರ್, ಡಿಜಿಟಲ್ ಸಹಿಯ ಟೋಕನ್ ಡ್ರೈವರ್: ಯಾವುದನ್ನೇ ಸೇರಿಸುವ ಮೊದಲು ಒಂದು ಯಂತ್ರದಲ್ಲಿ ಕಮ್ಯಾಂಡಿನಿಂದ ಓಡಿಸಿ ನೋಡಿ. ಒಂದು ಕ್ಲಿಕ್ ಕೂಡ ಕೇಳದೆ ಮುಗಿದರೆ ಮಾತ್ರ ಪಟ್ಟಿಗೆ ಸೇರಿಸಿ. ಕೇಳಿದರೆ ಅದನ್ನು ಬಿಟ್ಟು, ಕೊನೆಗೆ ಕೈಯಿಂದ ಹಾಕಿ. ಒಂದು ಸಾಫ್ಟ್‌ವೇರ್‌ಗಾಗಿ ಇಪ್ಪತ್ತು ಯಂತ್ರ ನಿಲ್ಲಿಸುವುದು ಲಾಭವಲ್ಲ.

ಲಾಗ್‌ನಲ್ಲಿ 1618 ಇದ್ದರೆ ಇನ್ನೊಂದು ಇನ್‌ಸ್ಟಾಲ್ ಆಗಲೇ ನಡೆಯುತ್ತಿದೆ. 3010 ತಪ್ಪಲ್ಲ, ರೀಸ್ಟಾರ್ಟ್ ಕೇಳುತ್ತಿದೆ ಅಷ್ಟೇ. 1603 ನಿಜವಾದ ವೈಫಲ್ಯ, ಆ ಸಾಫ್ಟ್‌ವೇರ್‌ನದ್ದೇ ಲಾಗ್ ಹುಡುಕಿ.

## ಹಂತ 10: ಮತ್ತೆ ಓಡಿಸುವುದು

ಒಂದು ಸಲಕ್ಕೆ ಒಂದೇ ಬದಲಾವಣೆ. ಡ್ರೈವರ್, ಪಾಸ್‌ವರ್ಡ್, ಸ್ವಿಚ್ ಮೂರನ್ನೂ ಒಟ್ಟಿಗೆ ಬದಲಿಸಿ ಸರಿಹೋದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ, ಮುಂದಿನ ತಿಂಗಳು ಅದೇ ನಿಂತಾಗ ಮತ್ತೆ ಮೂರನ್ನೂ ಮುಟ್ಟಬೇಕಾಗುತ್ತದೆ. ಮೊದಲು ಒಂದು ಯಂತ್ರ ಪೂರ್ತಿ ಮುಗಿಯಲಿ. ಆಮೇಲೆ ಪ್ರತಿ ಮಾಡೆಲ್‌ನಿಂದ ಒಂದೊಂದು. ಆಮೇಲೆ ಉಳಿದವು, ಐದೈದರಂತೆ.

ಮುಗಿದ ಯಂತ್ರದಲ್ಲಿ ಡಿವೈಸ್ ಮ್ಯಾನೇಜರ್ ತೆರೆದು ಹಳದಿ ಗುರುತು ಇದೆಯಾ ನೋಡಿ, ಆಕ್ಟಿವೇಶನ್ ಆಗಿದೆಯಾ ನೋಡಿ, ಆ ಟೇಬಲ್‌ನಲ್ಲಿ ಕೂರುವವರ ಪ್ರಿಂಟರ್‌ನಿಂದ ಒಂದು ಹಾಳೆ ತೆಗೆಯಿರಿ. ಎರಡು ದಿನ ಹುಡುಕಿಯೂ ಸಿಗದೆ ಬೇರೆಯವರ ಸಹಾಯ ಕೇಳುವುದಾದರೆ ಇವನ್ನು ಕಳಿಸಿ: ಯಂತ್ರದ ಮಾಡೆಲ್, ಎಷ್ಟರಲ್ಲಿ ಎಷ್ಟು ನಿಂತಿವೆ, ಯಾವ ಹಂತದಲ್ಲಿ, ಪರದೆಯ ಫೋಟೋ, ಪೂರ್ತಿ ಲಾಗ್ ಫೈಲ್. ಕಳಿಸುವ ಮೊದಲು ಲಾಗ್‌ನಲ್ಲಿ ಅಕೌಂಟ್ ಹೆಸರು, ಪಾಸ್‌ವರ್ಡ್ ಉಳಿದಿದ್ದರೆ ಅಳಿಸಿ.